ಪ ಇಲ್ಲದ ಕರೆ

ನಮ್ಮ ಮನೆಯಲ್ಲಿ ಆಲೂಗಡ್ಡೆ ನಡೆಯುತ್ತಿರಲಿಲ್ಲ, ಉಳ್ಳಾಗಡ್ಡಿ ನಡೆಯುತ್ತಿರಲಿಲ್ಲ, ಬೆಳ್ಳುಳ್ಳಿಯ ಹೆಸರೆತ್ತಿದರೆ ಅವ್ವ ಮೂಗು ಮುರಿಯುತ್ತಿದ್ದಳು. ಬೇಡಕಿಹಾಳದ ಉಳಿದ ಜೈನರ ಮನೆಗಳಲ್ಲಿ ಕಾಲಕ್ಕೆ ತಕ್ಕಂತೆ ಒಂದಿಷ್ಟು ಸಡಿಲ ಬಿಟ್ಟಿದ್ದರು, ಅವ್ವ ಬಿಡಲಿಲ್ಲ. ಹಾಗಾಗಿ ಐವತ್ತು ದಾಟಿದ ಮೇಲೆ, ಸರಿಗಮದಲ್ಲಿ 'ಪ'ವನ್ನು ಮುಟ್ಟಲೇಬಾರದಂಥ ಒಂದು ಸ್ವರಸಾಲು ಇದೆ ಎಂದು ತಿಳಿದಾಗ ನನಗೆ ವಿಚಿತ್ರ ಅನ್ನಿಸಲಿಲ್ಲ. ಬಿಡುವುದು ನಮಗೆ ಹುಟ್ಟಿನಿಂದ ರೂಢಿ.

ಆ ಸಾಲನ್ನು ನಾನು ಕಲಿತದ್ದು ಉಕುಲೇಲೆಯ ಮೇಲೆ. ಹೆಸರು ಕೇಳಿ ನಗಬೇಡಿ, ಅದನ್ನು ಹೇಳಲು ನನ್ನ ನಾಲಿಗೆಯೂ ಬಹಳ ದಿನ ಹೊರಳಲಿಲ್ಲ. ನಾಲ್ಕು ತಂತಿಯ, ಮಡಿಲಲ್ಲಿ ಕೂಸಿನ ಹಾಗೆ ಹಿಡಿಯಬಹುದಾದ ಸಣ್ಣ ಗಿಟಾರು ಅಂದುಕೊಳ್ಳಿ.

ಅದು ನನ್ನ ಕೈಗೆ ಬಂದದ್ದು ಸಿಟ್ಟಿನಿಂದ. ಅಣ್ಣನ ಮಗಳು ಕೊಲ್ಹಾಪುರದಲ್ಲಿ ಓದುವಾಗ ಅದನ್ನು ಕೊಂಡಿದ್ದಳು. ಸ್ವಲ್ಪ ದಿನ ಬಾರಿಸಿ, ಬೇಸತ್ತು, ಬೇಡಕಿಹಾಳದ ನಮ್ಮ ತೋಟದ ಮನೆಯಲ್ಲಿ ಬಿಟ್ಟುಹೋಗಿದ್ದಳು. ಅವ್ವ ತೀರಿಕೊಂಡ ಮೇಲಿನ ಮೊದಲ ದೀಪಾವಳಿಗೆ ತವರಿಗೆ ಹೋದಾಗ ನೋಡುತ್ತೇನೆ, ಅವ್ವನ ಜಪಮಣಿ ತೂಗುತ್ತಿದ್ದ ಗೂಟಕ್ಕೆ ಈ ವಾದ್ಯ ತೂಗುತ್ತಿದೆ. ನನಗೆ ತಲೆ ಕೆಟ್ಟುಹೋಯಿತು.

"ಈ ಗೂಟಕ್ಕ ಇದನ್ನ ಯಾರ ಹಾಕ್ಯಾರ್ರಿ?" ಎಂದು ಅಣ್ಣನ ಹೆಂಡತಿಯನ್ನು, ನಮ್ಮ ವೈನಿಯನ್ನು, ಕೇಳಿದೆ.

"ನಾನs ಹಾಕೇನ್ರಿ. ಗೂಟ ಖಾಲಿ ಇತ್ತಲ್ರಿ," ಅಂದರು ವೈನಿ. ಅವರ ಮಾತಿನಲ್ಲಿ ಏನೂ ತಪ್ಪಿರಲಿಲ್ಲ. ಆದರೂ ಆ 'ಖಾಲಿ' ಅನ್ನುವ ಮಾತು ನನಗೆ ಚುಚ್ಚಿತು. ವಾದ್ಯವನ್ನು ಇಳಿಸಿ, ಸೀರೆಗಳ ನಡುವೆ ಚೀಲದಲ್ಲಿ ತುರುಕಿ ಚಿಕ್ಕೋಡಿಗೆ ತಂದುಬಿಟ್ಟೆ. ಗೂಟ ಖಾಲಿಯಾಗಿಯೇ ಇರಲಿ ಅನ್ನುವುದಷ್ಟೇ ನನ್ನ ಹಟವಾಗಿತ್ತು, ಬಾರಿಸುವ ಯೋಚನೆ ತಲೆಯಲ್ಲೇ ಇರಲಿಲ್ಲ.

ಚಿಕ್ಕೋಡಿಯಲ್ಲಿ ನಾನು ಮನೆಯಲ್ಲೇ ಬ್ಲೌಸು ಹೊಲಿಯುತ್ತೇನೆ. ಲಗ್ನದ ಹಂಗಾಮಿನಲ್ಲಿ ತಲೆ ಕೆರೆದುಕೊಳ್ಳಲು ಪುರಸೊತ್ತಿರುವುದಿಲ್ಲ. ಅದು ಮುಗಿದರೆ ಮಧ್ಯಾಹ್ನಗಳು ಎಳೆದಷ್ಟೂ ಉದ್ದ. ಅಂಥದ್ದೊಂದು ಮಧ್ಯಾಹ್ನ ವಾದ್ಯವನ್ನು ಹೊರಗೆ ತೆಗೆದೆ. ಫೋನಿನಲ್ಲಿ ಕಲಿಸುವವರಿಗೇನು ಬರ? ಒಬ್ಬನಲ್ಲ ಒಬ್ಬ ಕಲಿಸುತ್ತಿರುತ್ತಾನೆ. ತಂತಿಯ ಕೆಳಗೆ ಮರದ ಮೇಲೆ ಅಡ್ಡಡ್ಡ ಲೋಹದ ಗೆರೆಗಳಿರುತ್ತವೆ. ಎರಡು ಗೆರೆಗಳ ನಡುವಿನ ಜಾಗಕ್ಕೆ ನಾನು 'ಮನೆ' ಅಂತ ಹೆಸರಿಟ್ಟುಕೊಂಡೆ. ಮೊದಲನೇ ಮನೆ, ಎರಡನೇ ಮನೆ, ಹೀಗೆ. ಎಲ್ಲರೂ ಬೆರಳು ನೋಯುತ್ತದೆ ಅನ್ನುತ್ತಾರೆ. ಸೂಜಿ ಚುಚ್ಚಿಸಿಕೊಂಡು ಗಟ್ಟಿಯಾದ ಬೆರಳಿಗೆ ನೈಲಾನ್ ತಂತಿ ಯಾವ ಲೆಕ್ಕ?

ನೋವು ಆದದ್ದು ನಮ್ಮ ಮನೆಯವರ ಕಿವಿಗೆ. "ಸೊಳ್ಳಿ ಗುಂಯ್ ಅಂದಂಗ ಆಗ್ತೈತಿ ನೋಡ," ಎಂದು ಅವರು ಪೇಪರಿನ ಹಿಂದಿನಿಂದ ಹೇಳುತ್ತಿದ್ದರು. "ಜೈನರ ಹೊಟ್ಟ್ಯಾಗ ಹುಟ್ಟಿದ ತಪ್ಪಿಗೆ ಸೊಳ್ಳಿನೂ ಹೊಡಿಯಾಕ ಬರಂಗಿಲ್ಲ, ಇದನ್ನೂ ಹೊಡಿಯಾಕ ಬರಂಗಿಲ್ಲ." ನಾನು ಕೇಳದವಳ ಹಾಗೆ ಬಾರಿಸುತ್ತಲೇ ಇರುತ್ತಿದ್ದೆ. ನಮ್ಮ ಸಂಸಾರ ಇಷ್ಟು ವರ್ಷ ನಡೆದದ್ದೇ ನನ್ನ ಈ ಕೇಳದಿರುವ ಗುಣದಿಂದ.

ಹೀಗಿರುವಾಗ ಒಂದು ಸಂಜೆ, ಯಾವನೋ ಹುಡುಗ ಅಪರೂಪದ ಸ್ಕೇಲುಗಳನ್ನು ಒಂದರ ಹಿಂದೊಂದು ಬಾರಿಸಿ ತೋರಿಸುವ ವಿಡಿಯೋ ಎದುರಿಗೆ ಬಂತು. ಹೆಸರು ಹೇಳದೆ ಬೆರಳು ಎಲ್ಲೆಲ್ಲಿ ಇಡಬೇಕು ಅನ್ನುವುದನ್ನಷ್ಟೇ ತೋರಿಸುತ್ತಿದ್ದ. ನಾನೂ ಕುರುಡು ಕುರುಡಾಗಿ ಬೆರಳಿಡುತ್ತ ಹೋದೆ. ಮೇಲಿನಿಂದ ಎರಡನೆಯ ತಂತಿಯನ್ನು ಬೆರಳು ಒತ್ತದೆ ಖಾಲಿ ಬಿಟ್ಟು ಹೊಡೆದರೆ ಸಾ. ಅದರದೇ ಮೊದಲನೇ ಮನೆ ಒತ್ತಿದರೆ ರಿ, ಅದೂ ಕೋಮಲ ರಿ, ಸಾಕ್ಕೆ ಅಂಟಿಕೊಂಡೇ ಇರುವಂಥದ್ದು. ಮೂರನೆಯ ತಂತಿ ಬಿಟ್ಟು ಹೊಡೆದರೆ ಗ. ಅದರ ಎರಡನೇ ಮನೆಯಲ್ಲಿ ಮ, ಅದು ತೀವ್ರ. ಆಮೇಲೆ ಪಕ್ಕದ ಕೊನೆಯ ತಂತಿಯನ್ನು ಖಾಲಿ ಬಿಟ್ಟು ಹೊಡೆಯಬೇಕು, ಅದು ಧ. ಮ ಆದ ಮೇಲೆ ಬರಬೇಕಾದ ಪ ಇಲ್ಲ, ಅದನ್ನು ಹಾರಿ ನೇರ ಧ.

ರಿ, ಗ, ಮ, ಧ. ಇನ್ನೊಮ್ಮೆ ಬಾರಿಸಿದೆ. ಧದ ಮೇಲೆ ನಿಂತು, ಇಳಿದು, ಮ, ಗ, ರಿ. ನನ್ನ ಕೈ ನಿಂತುಹೋಯಿತು. ಅದು ಅವ್ವನ ದನಿ.

ಅವ್ವ ಹಾಡುವವಳಲ್ಲ. ಬಸದಿಯಲ್ಲಿ ಆರತಿಯ ಹೊತ್ತಿಗೂ ತುಟಿ ಅಲ್ಲಾಡಿಸುತ್ತಿದ್ದಳೇ ಹೊರತು ದನಿ ಬಿಡುತ್ತಿರಲಿಲ್ಲ. ಆದರೆ ದಿನಾ ಸಂಜೆ ಹೊತ್ತು ಇಳಿಯತೊಡಗಿದಾಗ ಮನೆಯ ಮಾಳಿಗೆ ಹತ್ತಿ ನಮ್ಮನ್ನು ಕರೆಯುತ್ತಿದ್ದಳು. ನಮ್ಮಲ್ಲಿ ಹೊತ್ತು ಮುಳುಗಿದ ಮೇಲೆ ಊಟವಿಲ್ಲ, ನೀರೂ ಕಷ್ಟವೇ. ನಾನು ಮತ್ತು ಅಣ್ಣ ಶಾಲೆ ಬಿಟ್ಟದ್ದೇ ಕಬ್ಬಿನೊಳಗೆ ನುಗ್ಗಿದರೆ ಹೊರಗಿನ ಪ್ರಪಂಚಕ್ಕೆ ಇಲ್ಲವಾಗಿಬಿಡುತ್ತಿದ್ದೆವು. ಕಬ್ಬು ನಮಗಿಂತ ಎಷ್ಟೋ ಎತ್ತರ. ಒಳಗೆ ಬಿಸಿಲು ಎಲ್ಲಿಗೆ ಬಂತು ಅನ್ನುವುದು ತಿಳಿಯುವುದಿಲ್ಲ. ತಿಳಿಸುವವಳು ಅವ್ವ. "ಹೊತ್ತ ಮುಣಗತೈತಿ, ಬರ್ರೋ..." ಮಾತು ಇಷ್ಟೇ. ಆದರೆ ಆ 'ಬರ್ರೋ' ಎಲ್ಲಿಂದಲೋ ಏರಿ, ಎಲ್ಲಿಯೋ ತಡೆದು, ನಿಧಾನ ಇಳಿದು, ಮತ್ತೆ ಏರಿ ಕಬ್ಬಿನ ಸಾಲುಗಳ ಮೇಲೆ ಹಾಯ್ದು ಬರುತ್ತಿತ್ತು. ಕೇಳಿದರೆ ಹೊಟ್ಟೆಯಲ್ಲಿ ಹಸಿವಾಗುತ್ತಿತ್ತು, ಜೊತೆಗೆ ಏನೋ ಹೇಳಲಾಗದ ದುಃಖ. ನಾವು ಓಡುತ್ತಿದ್ದೆವು. ಅಂಗಳದ ನೀರಿನ ಹೌದಿನಲ್ಲಿ ಕಾಲು ತೊಳೆದು ಕೂತರೆ ರೊಟ್ಟಿ, ಝುಣಕ, ಶೇಂಗಾ ಹಿಂಡಿ, ಮೊಸರು.

ಅವ್ವ ನಮ್ಮ ಊಟ ಮುಗಿದ ಮೇಲೆ ಉಣ್ಣುತ್ತಿದ್ದಳು. ಹಾಗಾಗಿ ನಾವು ತಡಮಾಡಿದರೆ ಅವಳ ಊಟಕ್ಕೂ ಹೊತ್ತು ಉಳಿಯುತ್ತಿರಲಿಲ್ಲ. ಮಕ್ಕಳಿಗೆ ಅಂತ ಹೇಗೋ ಕಣ್ಣು ಮುಚ್ಚಿ ನೀಡಿಬಿಡುತ್ತಿದ್ದಳು, ತನಗೆ ಮಾತ್ರ ಆ ವಿನಾಯಿತಿ ಇರಲಿಲ್ಲ. ಮರುದಿನ ಬೆಳಗಿನ ತನಕ ಹಾಗೆಯೇ. ಆ ಕರೆಯಲ್ಲಿ ಅವಳ ಹಸಿವೂ ಇತ್ತು ಅನ್ನುವುದು ನನಗೆ ತಿಳಿದದ್ದು ನಾನು ತಾಯಿಯಾದ ಮೇಲೆ.

ಆ ಸಂಜೆ ಚಿಕ್ಕೋಡಿಯ ಅಡುಗೆಮನೆಯಲ್ಲಿ ಕುಕ್ಕರು ಕೂಗಿ ಕೂಗಿ ಸುಸ್ತಾದರೂ ನಾನು ಏಳಲಿಲ್ಲ. ರಿ, ಗ, ಮ, ಧ. ಇಷ್ಟು ಸಿಕ್ಕಿತು. ಧದಿಂದ ಇಳಿಯುವುದೂ ಸಿಕ್ಕಿತು. ಮತ್ತೆ ಏರುವಾಗ ಒಮ್ಮೆ ನಿಯನ್ನು ಮುಟ್ಟಿ ಬರುತ್ತಿದ್ದಳು, ಅದನ್ನೂ ಹುಡುಕಿದೆ. ಕೊನೆಯ ತಂತಿಯ ಎರಡನೇ ಮನೆಯಲ್ಲಿತ್ತು. ಆದರೆ ಕರೆ ಮುಗಿಯುತ್ತಿದ್ದದ್ದು ಹೇಗೆ? ಕೊನೆಯ 'ಬರ್ರೋ' ಎಲ್ಲಿಗೆ ಬಂದು ಇಳಿಯುತ್ತಿತ್ತು? ಎಷ್ಟು ನೆನೆದರೂ ಅಲ್ಲಿಗೆ ಬಂದು ಕತ್ತಲೆ. ಮನೆತುಂಬ ಫೋನುಗಳಿವೆ, ಮೊಮ್ಮಕ್ಕಳ ಹುಟ್ಟುಹಬ್ಬದ ವಿಡಿಯೋಗಳಿವೆ, ಅವುಗಳ ಮೂಲೆಯಲ್ಲಿ ಅವ್ವ ಸೆರಗು ಸರಿಮಾಡಿಕೊಳ್ಳುತ್ತ ಕೂತಿದ್ದಾಳೆ. ಆದರೆ ಆ ಕರೆ ಮಾತ್ರ ಯಾವುದರಲ್ಲೂ ಇಲ್ಲ. ಫೋನುಗಳು ಬರುವ ಹೊತ್ತಿಗೆ ನಾವು ದೊಡ್ಡವರಾಗಿದ್ದೆವು, ಅವಳು ಕರೆಯುವುದನ್ನು ಬಿಟ್ಟಿದ್ದಳು.

ನನಗೆ ಆ ಕೊನೆ ಬೇಕಾಗಿತ್ತು. ಸುಮ್ಮನೆ ಸಂಗೀತದ ಹುಚ್ಚಲ್ಲ ಇದು. ಅವ್ವನ ಸೀರೆಗಳನ್ನು ಹಂಚಿಕೊಂಡೆವು, ಪಾತ್ರೆಗಳು ಅಣ್ಣನ ಮನೆಯಲ್ಲಿವೆ, ಜಪಮಣಿಯನ್ನು ಅವಳ ಜೊತೆಗೇ ಕಳಿಸಿದೆವು. ಅವಳದು ಅಂತ ಇನ್ನೂ ಜೀವಂತ ಇರುವುದು ಇದೊಂದೇ, ಅದೂ ಅರ್ಧ. ಅರ್ಧವೇ ಉಳಿಯಿತಲ್ಲ ಅಂತ ಸಂಕಟವಾಗುತ್ತಿತ್ತು.

ಅಣ್ಣನಿಗೆ ಫೋನು ಮಾಡಿ ಕೇಳಿದೆ. "ಅವ್ವ ಸಂಜಿ ಮುಂದ ಹಾಡತಿದ್ಲಲ್ಲ, ಅದರ ಕಡೀದು ನೆನಪೈತೇನೋ ನಿನಗ?"

"ಅವ್ವ ಯಾವಾಗ ಹಾಡಿದ್ಲ? ಒದರತಿದ್ಲು. ನಾನೂ ಅಲ್ಲೇ ಇದ್ದೆಲ್ಲ. ನೀ ಎಲ್ಲಾದಕ್ಕೂ ಬಣ್ಣಾ ಹಚ್ಚಾಕ ಬರಬ್ಯಾಡ," ಅಂದ.

ಅಣ್ಣ ಹಾಗೆಯೇ. ಅವ್ವ ಹೋದ ಮೇಲೆ ಅವಳ ವಿಷಯ ತೆಗೆದರೆ ಮಾತು ಮುರಿದು ಹಾಕುತ್ತಾನೆ. ವೈನಿ ಆಮೇಲೆ ಗುಟ್ಟಿನಲ್ಲಿ ಹೇಳಿದರು, ಅವನು ಈಗ ಹೊತ್ತಿರುವಾಗ ಉಣ್ಣುವುದನ್ನೂ ಬಿಟ್ಟಿದ್ದಾನಂತೆ. ನಿಯಮ ಬೇಡ ಅಂತ ಏನಿಲ್ಲ. ಕಬ್ಬಿನಲ್ಲೋ ಪಂಪಿನ ಮನೆಯ ಹತ್ತಿರವೋ ಸುಮ್ಮನೆ ಕೂತುಬಿಡುತ್ತಾನಂತೆ, ಕತ್ತಲಾದ ಮೇಲೆ ಬಂದು ಟಿವಿಯ ಮುಂದೆ ಉಂಡು ಮಲಗುತ್ತಾನಂತೆ. "ಫೋನ್ ಹಚ್ಚಿದ್ರ ಎತ್ತಂಗಿಲ್ರಿ. ಅತ್ತಿ ಇದ್ದಾಗ ಮುದುಕ್ಯಾದ್ರೂ ಜೀವ ಇರೂತನಕಾ ಮಾಳಿಗಿ ಕಟ್ಟಿ ಮ್ಯಾಲ ಕುಂದ್ರತಿದ್ರು, ಅವರನ್ನ ನೋಡಿ ಇವರು ಬರ್ತಿದ್ರು," ಅಂದರು.

ಕೊನೆ ನೆನಪಾಗದಿದ್ದರೆ ಹೋಗಲಿ, ಇರುವುದನ್ನಾದರೂ ಸರಿಯಾಗಿ ಹಿಡಿಯೋಣ ಅಂದುಕೊಂಡು ಅಭ್ಯಾಸಕ್ಕೆ ಕೂತೆ. ಗಂಟಲಿನಲ್ಲಿ ಹೇಳಲು ಹೋದರೆ ಬರುತ್ತಿರಲಿಲ್ಲ. ನನ್ನ ಗಂಟಲು ಜೀವನವಿಡೀ ಬೇರೆ ಹಾಡುಗಳನ್ನೇ ಗುನುಗಿದ್ದು. ತೀವ್ರ ಮ ಅಂದರೆ ಸಾದಾ ಮಕ್ಕೆ ಜಾರುತ್ತಿತ್ತು, ಧಕ್ಕೆ ಹೋಗು ಅಂದರೆ ದಾರಿಯಲ್ಲಿ 'ಪ'ದ ಹತ್ತಿರ ನಿಂತು ಹರಟೆ ಹೊಡೆಯುತ್ತಿತ್ತು. ಉಕುಲೇಲೆ ಆ ಸಲಿಗೆ ಕೊಡುವುದಿಲ್ಲ. ಮನೆ ಅಂದರೆ ಮನೆ. ಬೆರಳು ಅಲ್ಲಿದ್ದರೆ ಆ ಸ್ವರ, ಇಲ್ಲದಿದ್ದರೆ ಇಲ್ಲ.

ಅದರದೂ ಒಂದು ತಕರಾರು ಇತ್ತು. ಎಲ್ಲಕ್ಕಿಂತ ಮೇಲಿನ ತಂತಿ, ಹೆಬ್ಬೆರಳಿಗೆ ಮೊದಲು ಸಿಗುವುದು, ಅದು ಬಿಟ್ಟು ಹೊಡೆದರೆ ಪ. ಎಷ್ಟೇ ಜಾಗರೂಕಳಾಗಿದ್ದರೂ ಹೆಬ್ಬೆರಳು ತಾಗುತ್ತಿತ್ತು, 'ಟಿಣ್' ಅಂತ ಪ ಕೇಳುತ್ತಿತ್ತು, ಅಲ್ಲಿಗೆ ಅವ್ವ ಮಾಯ. ಒಂದು ದಿನ ರೇಗಿ ಆ ತಂತಿಯನ್ನು ಪೂರ್ತಿ ಬಿಚ್ಚಿ, ಸುತ್ತಿ, ಗುಂಡಿಗಳ ಡಬ್ಬಿಯಲ್ಲಿ ಹಾಕಿಟ್ಟೆ. ಬೇಡವಾದದ್ದು ಮನೆಯೊಳಗೇ ಇರಬಾರದು ಅನ್ನುವುದು ಅವ್ವನ ಕಾಯಿದೆ. ಉಳ್ಳಾಗಡ್ಡಿ ಹೆಚ್ಚಿದ ಈಳಿಗೆಯನ್ನೂ ಅವಳು ಒಳಗೆ ಸೇರಿಸುತ್ತಿರಲಿಲ್ಲ.

ಅಸ್ತರಿನ ಬಟ್ಟೆಗಾಗಿ ನಿಪ್ಪಾಣಿಗೆ ಹೋದ ದಿನ ವಾದ್ಯವನ್ನೂ ಒಯ್ದೆ. ಬೇಡಕಿಹಾಳದ ಶಾಲೆಯಲ್ಲಿ ನಮಗೆ ಸರಿಗಮ ಹೇಳಿಕೊಟ್ಟ ಸಂಗೀತ ಮಾಸ್ತರರು ಈಗ ನಿವೃತ್ತರಾಗಿ ಅಲ್ಲಿಯೇ ಇದ್ದಾರೆ. ಮೂರು ತಂತಿಯ ವಾದ್ಯ ನೋಡಿ, "ಏನವಾ ಇದು, ಹಲ್ಲ ಬಿದ್ದದ್ದು?" ಅಂದರು.

"ಇದರಾಗ ಪ ನಡಿಯಂಗಿಲ್ರಿ ಸರ್. ಅದಕ್ಕ ಬಿಚ್ಚಿಟ್ಟೆ."

ಅವರು ನಕ್ಕ ನಗುವಿಗೆ ಒಳಗಿನಿಂದ ಅವರ ಹೆಂಡತಿ ಇಣುಕಿ ನೋಡಿದರು. "ವರ್ಜ್ಯ ಅಂದ್ರ ಬಾರಸಬ್ಯಾಡ ಅಂತ ಅರ್ಥ, ಮನಿ ಬಿಡಿಸಿ ಕಳಸು ಅಂತಲ್ಲ! ಆ ತಂತೀನ ಧಕ್ಕ ಏರಿಸಿ ಕಟ್ಟಿದ್ರ ಮುಗೀತಿತ್ತು. ಜೈನರ ಹುಡಿಗಿ ಕೈಯಾಗ ರಾಗ ಕೊಟ್ರ ಹಿಂಗs. ಬಾರಸ, ನೋಡೂಣು."

ಬಾರಿಸಿದೆ. ಅವರ ನಗು ನಿಂತಿತು. ಕಣ್ಣು ಮುಚ್ಚಿ, "ಮಾರವಾ," ಅಂದರು. "ಹೊತ್ತ ಮುಣಗೂ ಮುಂದಿನ ರಾಗ. ಎಲ್ಲಿ ಕಲ್ತಿ?"

ನಾನು ಅವರಿಗೆ ಹೊತ್ತಿನ ವಿಷಯ ಹೇಳಿರಲಿಲ್ಲ, ಅವ್ವನ ವಿಷಯವನ್ನೂ ಹೇಳಿರಲಿಲ್ಲ. ಆಮೇಲೆ ಎಲ್ಲವನ್ನೂ ಹೇಳಿದೆ. ಅವರು ಕೇಳಿ, ನಿಮ್ಮವ್ವ ರಾಗ ಅಂತ ಹಾಡಿರಲಿಕ್ಕಿಲ್ಲ, ಆದರೆ ಆ ಹೊತ್ತಿಗೆ ಆ ಸ್ವರಗಳೇ ಬಾಯಿಗೆ ಬಂದಿವೆ, ಬರಲಿ ಬಿಡು, ಅಂದರು. ಈ ರಾಗದಲ್ಲಿ 'ಸಾ'ದ ಮೇಲೆ ಬಹಳ ಹೊತ್ತು ನಿಲ್ಲುವುದಿಲ್ಲವಂತೆ. ಸುತ್ತಮುತ್ತ ಸುಳಿಯುತ್ತದೆ, ಹತ್ತಿರ ಬಂದು ತಪ್ಪಿಸಿಕೊಳ್ಳುತ್ತದೆ. "ಆದ್ರ ಎಷ್ಟ ತಿರಗಾಡಿದ್ರೂ ಕಡೀಕ ಸಾಕ್ಕ ಬರಬೇಕವಾ. ನಿಮ್ಮವ್ವನೂ ಬಂದಿರಬೇಕು," ಎಂದು ಹಾರ್ಮೋನಿಯಂ ಎಳೆದು, ಗದಿಂದ ರಿ, ರಿಯಿಂದ ಮೆಲ್ಲಗೆ ಸಾಕ್ಕೆ ಇಳಿಯುವ ಒಂದು ಕೊನೆಯನ್ನು ಕಟ್ಟಿಕೊಟ್ಟರು.

ಆ ಕೊನೆಯನ್ನು ಮನೆಗೆ ತಂದು ಬಹಳ ದಿನ ಬಾರಿಸಿದೆ. ಚೆನ್ನಾಗಿತ್ತು. ಕೂಡುತ್ತಲೂ ಇತ್ತು. ಆದರೆ ಪ್ರತಿ ಸಲ ಸಾಕ್ಕೆ ಬಂದು ನಿಂತಾಗ ಮನಸ್ಸು 'ಅಲ್ಲ' ಅನ್ನುತ್ತಿತ್ತು. ಅಳತೆಗೆ ಸರಿಯಾಗಿ ಹೊಲಿದ, ಆದರೆ ಬೇರೆ ಯಾರಿಗೋ ಹೊಲಿದ ಬ್ಲೌಸಿನ ಹಾಗೆ. ನಾನೇ ಬೇರೆ ಬೇರೆ ಕೊನೆಗಳನ್ನು ಹಚ್ಚಿ ನೋಡಿದೆ. ಧದ ಮೇಲೆ ನಿಲ್ಲಿಸಿದೆ, ರಿಯ ಮೇಲೆ ನಿಲ್ಲಿಸಿದೆ. ಯಾವುದೂ ಅವ್ವನದಾಗಲಿಲ್ಲ. ಕೆಲವು ಸಂಜೆ ಸುಮ್ಮನೆ ವಾದ್ಯವನ್ನು ಮಡಿಲಲ್ಲಿಟ್ಟುಕೊಂಡು ಕೂತಿರುತ್ತಿದ್ದೆ. ನಮ್ಮ ಮನೆಯವರು ಆ ದಿನಗಳಲ್ಲಿ ಸೊಳ್ಳೆಯ ಮಾತು ತೆಗೆಯುತ್ತಿರಲಿಲ್ಲ. ಒಮ್ಮೆ ಅವರೇ, "ಐಗಳಿಗೆ ಹೋಗಿ ನಿಮ್ಮ ಮಾವಶಿನ್ನ ಒಂದ ಮಾತ ಕೇಳಿ ಬಾರಲಾ," ಅಂದರು.

ಮಾವಶಿ ಅಂದರೆ ಅವ್ವನ ತಂಗಿ. ಅವ್ವನ ತವರು ಐಗಳಿ, ಮಾವಶಿಯನ್ನು ಅದೇ ಊರಲ್ಲಿ ಕೊಟ್ಟಿದ್ದು. ರಾಯಬಾಗದ ಮೇಲೆ ಹಾಯ್ದು ಅಥಣಿಗೆ ಹೋಗಿ, ಅಲ್ಲಿಂದ ಇನ್ನೊಂದು ಬಸ್ಸು. ಬಿಸಿಲು ಏರಿದ ದಿನಗಳು, ದ್ರಾಕ್ಷಿ ಒಣಗಿಸುವ ಕಾಲ. ಊರ ಹೊರಗೆಲ್ಲ ಹಸಿರು ನೆರಳುಬಟ್ಟೆ ಕಟ್ಟಿದ ಶೆಡ್ಡುಗಳು, ಹಾದಿಯುದ್ದಕ್ಕೂ ಮಣೂಕದ, ಅಂದರೆ ಒಣದ್ರಾಕ್ಷಿಯ, ಸಿಹಿ ವಾಸನೆ. ಮಾವಶಿ ಪಡಸಾಲೆಯಲ್ಲಿ ಒಣದ್ರಾಕ್ಷಿಯ ರಾಶಿ ಮುಂದೆ ಹಾಕಿಕೊಂಡು ಕಡ್ಡಿ ಆರಿಸುತ್ತ ಕೂತಿದ್ದಳು. ಮುಖ ಎತ್ತಿದಾಗ ಒಂದು ಕ್ಷಣ ಅವ್ವನೇ ನೋಡಿದ ಹಾಗಾಯಿತು. ಅದೇ ಹಣೆ, ಅದೇ ಕಣ್ಣಿನ ಕೆಳಗಿನ ಕಪ್ಪು.

ನೀರು ಕುಡಿದದ್ದೇ ವಾದ್ಯ ಹೊರಗೆ ತೆಗೆದೆ. ಮಾವಶಿ ಅದನ್ನು ಮೇಲೆ ಕೆಳಗೆ ನೋಡಿ, "ಇದಕ್ಕ ಒಂದ ತಂತಿ ಯಾಕ ಇಲ್ಲs?" ಅಂದಳು.

"ಅದು ನಡಿಯಂಗಿಲ್ಲ ಮಾವಶಿ."

"ಹಂಗಾರ ನಮ್ಮ ಮನಿತನದ್ದs ಇದು," ಎಂದು ತಲೆ ಆಡಿಸಿದಳು.

ಬಾರಿಸಿದೆ. ರಿ, ಗ, ಮ, ಧ, ಇಳಿದು ಮತ್ತೆ ಏರಿ, ನಿಯನ್ನು ಮುಟ್ಟಿ, ಧಕ್ಕೆ ಬಂದು, ಮ, ಗ, ರಿ. ಮಾವಶಿಯ ಕೈ ಮಣೂಕದ ಮೇಲೆ ನಿಂತಿತು. ಅವಳ ತುಟಿಗಳು ಅಲ್ಲಾಡಿದವು. "ಹೊತ್ತ ಮುಣಗತೈತಿ, ಬರ್ರೋ..." ಎಂದು ಒಳದನಿಯಲ್ಲಿ ಅಂದಳು. "ನಮ್ಮವ್ವನೂ ಹಿಂಗs ಕರೀತಿದ್ಲು. ಅಕ್ಕ ಅಕೀ ಹಂತೇಕ ಕಲ್ತಿದ್ಲು. ನನಗ ಬರಲಿಲ್ಲ ನೋಡ, ನನ್ನ ಮಕ್ಕಳು ಮನಿ ಬಿಟ್ಟ ಎಲ್ಲೂ ಹೋಗತಿದ್ದಿಲ್ಲ."

ನಾನು ಅವಳ ಮಗ್ಗುಲಿಗೆ ಸರಿದೆ. "ಮುಂದ ಹೇಳ ಮಾವಶಿ. ಮುಂದಿಂದ ನನಗ ನೆನಪಾಗವಲ್ದು. ಇದು ಮುಗಿಯೂದ ಹೆಂಗ?"

"ಮುಂದ ಏನೈತಿ?"

"ಕಡೀದು. ಕಡೀಕ ಎಲ್ಲಿಗೆ ಬಂದು ನಿಲ್ಲಿಸತಿದ್ಲು?"

ಮಾವಶಿ ನನ್ನನ್ನೇ ನೋಡಿದಳು. ನನಗೆ ತಿಳಿಯಬೇಕಾದ್ದು ತಿಳಿಯಲಿಲ್ಲವಲ್ಲ ಅನ್ನುವ ಹಾಗೆ ನೋಡಿದಳು. "ಹುಚ್ಚಿ," ಅಂದಳು, "ಅದಕ್ಕ ಕಡೀದು ಎಲ್ಲಿಂದ ಬರಬೇಕ? ಕರಿಯೂದು ನೀವು ಕಾಣೂತನಕಾ. ಕಬ್ಬಿನಾಗಿಂದ ನಿಮ್ಮ ತಲಿ ಕಂಡ್ವು ಅಂದ್ರ ಅಲ್ಲಿಗೆ ಬಿಡೂದು. ಕಂಡ ಮ್ಯಾಲ ಯಾರರ ಕರೀತಾರೇನ?"

ಮಣೂಕದ ರಾಶಿಯಲ್ಲಿ ಅವಳ ಬೆರಳುಗಳು ಮತ್ತೆ ಓಡತೊಡಗಿದವು.

ನನಗೆ ಅದು ಕೇಳಿಸಿದ್ದು ನಿಜ, ಆದರೆ ಒಳಗೆ ಇಳಿದದ್ದು ಬಸ್ಸಿನಲ್ಲಿ. ಕಿಟಕಿಗೆ ತಲೆ ಆನಿಸಿ ಕೂತಾಗ ಅಳು ಬಂತು. ಕೊನೆ ನೆನಪಾಗದ್ದು ನನ್ನ ಮರೆವಲ್ಲ, ಕೊನೆ ಇರಲೇ ಇಲ್ಲ. ದಿನಾ ಒಂದೊಂದು ಕಡೆ ನಿಲ್ಲುತ್ತಿತ್ತು: ಒಂದು ದಿನ ಗದಲ್ಲಿ, ಒಂದು ದಿನ ಧದಲ್ಲಿ, ಒಂದು ದಿನ ಇನ್ನೂ 'ಹೊತ್ತ' ಅನ್ನುವಷ್ಟರಲ್ಲಿಯೇ. ಅವ್ವ ಸಾಕ್ಕೆ ಬರುವ ಮೊದಲೇ ನಾವು ಬಂದುಬಿಡುತ್ತಿದ್ದೆವು. ನಾವು ಬಂದದ್ದೇ ಅದರ ಕೊನೆ. ಹಾಗಾದರೆ ಈಗ? ಈಗ ನಾನು ಎಲ್ಲಿಂದ ಓಡಿ ಬಂದರೂ ನೋಡಿ ಸುಮ್ಮನಾಗುವವಳು ಮಾಳಿಗೆಯ ಮೇಲಿಲ್ಲ. ಪಕ್ಕದಲ್ಲಿ ಕೂತ ಹೆಣ್ಣುಮಗಳು ಏನೂ ಕೇಳದೆ ತನ್ನ ನೀರಿನ ಬಾಟಲಿ ಮುಂದೆ ಹಿಡಿದಳು. ಕುಡಿದೆ.

ಚಿಕ್ಕೋಡಿಗೆ ಬಂದು ರಾತ್ರಿಯಷ್ಟೇ ಮನೆಯಲ್ಲಿ ಕಳೆದವಳು ಮರುದಿನವೇ ಬೇಡಕಿಹಾಳದ ಬಸ್ಸು ಹತ್ತಿದೆ. ಯಾಕೆ ಹೊರಟೆ ಎಂದು ಮನೆಯವರು ಕೇಳಲಿಲ್ಲ, ನನಗೂ ಸರಿಯಾಗಿ ಗೊತ್ತಿರಲಿಲ್ಲ. ತೋಟದ ಮನೆ ತಲುಪುವ ಹೊತ್ತಿಗೆ ಬಿಸಿಲು ಹಳದಿಗೆ ತಿರುಗಿತ್ತು. ವೈನಿ ರೊಟ್ಟಿ ಬಡಿಯುತ್ತಿದ್ದರು. ಅಣ್ಣ ಕಬ್ಬಿಗೆ ನೀರು ಬಿಡಲು ಹೋದವನು ಬಂದಿರಲಿಲ್ಲ. "ಇನ್ನ ಕತ್ತಲಿ ಆದ ಮ್ಯಾಲs ಬರೂದ್ರಿ," ಅಂದರು ವೈನಿ. ನಾನು ವಾದ್ಯ ಹಿಡಿದು ಮಾಳಿಗೆ ಹತ್ತಿದೆ.

ಅವ್ವ ನಿಲ್ಲುತ್ತಿದ್ದ ಕಟ್ಟೆಯ ಹತ್ತಿರ ನಿಂತೆ. ಎದುರಿಗೆ ಕಬ್ಬು, ಅದರಾಚೆ ಹೊಳೆಯ ಸಾಲಿನ ಮರಗಳು, ಅವುಗಳ ಮೇಲೆ ಇನ್ನೂ ಮೊಳದಷ್ಟು ಹೊತ್ತು. ಬಾರಿಸಿದೆ. ಉಕುಲೇಲೆಯ ದನಿಗೆ ಎಷ್ಟು ತಾಕತ್ತು? ನಮ್ಮ ಅಂಗಳದ ಬದುವನ್ನೂ ಅದು ದಾಟಲಿಲ್ಲ. ಇನ್ನಷ್ಟು ಜೋರಾಗಿ ಹೊಡೆದೆ. ಕೊಟ್ಟಿಗೆಯ ಎಮ್ಮೆ ಒಮ್ಮೆ ತಲೆ ಎತ್ತಿ ಮತ್ತೆ ಮೇಯತೊಡಗಿತು. ಆಮೇಲೆ, ಎಂದೂ ಯಾರ ಎದುರೂ ದನಿ ಬಿಡದ ನಾನು, ತಂತಿಯ ಧವನ್ನು ಹಿಡಿದುಕೊಂಡು ಬಾಯಿ ತೆರೆದೆ.

"ಹೊತ್ತ ಮುಣಗತೈತಿ, ಬಾರೋ..."

ಗಂಟಲು ಜಾರಲಿಲ್ಲ. ಅಷ್ಟು ತಿಂಗಳು ಬೆರಳು ಕಲಿತದ್ದನ್ನು ಗಂಟಲೂ ಕಲಿತಿತ್ತು. ರಿಯಿಂದ ಎದ್ದು, ತೀವ್ರ 'ಮ'ದ ಮೇಲೆ ಹಾಯ್ದು, ಪವನ್ನು ಹಾರಿ, ಧದ ಮೇಲೆ ನಿಂತು ದನಿ ಕಬ್ಬಿನ ಗರಿಗಳ ಮೇಲೆ ಹೋಯಿತು. ಉತ್ತರ ಬರಲಿಲ್ಲ. ಮತ್ತೆ ಕರೆದೆ. ಇನ್ನೊಮ್ಮೆ ಕರೆದೆ. ಹೊತ್ತು ಮರಗಳಿಗೆ ತಾಗುತ್ತಿತ್ತು, ನನ್ನೊಳಗೆ ಎಂಥದೋ ಗಾಬರಿ ಏಳುತ್ತಿತ್ತು. ಅವ್ವ ದಿನಾ ಈ ಗಾಬರಿಯನ್ನು ಇಲ್ಲಿ ನಿಂತು ನುಂಗುತ್ತಿದ್ದಳಲ್ಲ ಅನ್ನಿಸಿತು.

ಹಿಂದಿನಿಂದ ವೈನಿ, "ಯಾಕ ನಿಲ್ಲಿಸಿದ್ರಿ?" ಅಂದರು. ಅವರು ಯಾವಾಗ ಮೇಲೆ ಬಂದರೋ ತಿಳಿಯದು. ನಾನು ನಿಲ್ಲಿಸಿದ್ದೂ ನನಗೆ ತಿಳಿದಿರಲಿಲ್ಲ. ಕೈ ತಂತಿಯ ಮೇಲೆಯೇ ಇತ್ತು, ಬಾಯಿ ಇನ್ನೂ ತೆರೆದಿತ್ತು. ದೂರದಲ್ಲಿ ಕಬ್ಬಿನ ಸಾಲು ಸೀಳಿಕೊಂಡು ಅಣ್ಣನ ಬಿಳಿ ಟೊಪ್ಪಿಗೆ ಹೊರಗೆ ಬಂದಿತ್ತು.

ಅವನು ನಡೆದು ಬರುತ್ತಿರಲಿಲ್ಲ. ಅರವತ್ತರ ಹತ್ತಿರದ ಗಂಡಸು, ಮಂಡಿ ನೋವಿನವನು, ಬದುವಿನ ಮೇಲೆ ಓಡಿ ಬರುತ್ತಿದ್ದ. ವೈನಿ, "ಅಯ್ಯ, ರೊಟ್ಟಿ!" ಎನ್ನುತ್ತ ಕೆಳಗೆ ಇಳಿದರು. ಅಣ್ಣ ಅಂಗಳಕ್ಕೆ ಬಂದು ಮೇಲೆ ನೋಡಲಿಲ್ಲ, ನನ್ನನ್ನು ಮಾತಾಡಿಸಲಿಲ್ಲ. ಹೌದಿನಲ್ಲಿ ನೀರು ಸುರಿದುಕೊಳ್ಳುವ ಸಪ್ಪಳ ಬಹಳ ಹೊತ್ತು ಕೇಳಿತು. ಕಾಲು ತೊಳೆಯಲು ಅಷ್ಟು ನೀರು ಬೇಕಿರಲಿಲ್ಲ. ಮುಖಕ್ಕೂ ಹಾಕಿಕೊಳ್ಳುತ್ತಿದ್ದ ಅಂತ ಕಾಣುತ್ತದೆ.

ನಾನು ಇಳಿಯಲಿಲ್ಲ. ಅವ್ವ ಕೂರುತ್ತಿದ್ದ ಕಟ್ಟೆಯ ಮೇಲೆ ಕೂತೆ. ಅಣ್ಣನೇನೋ ಬಂದ. ಅವನನ್ನು ನೋಡಿ ಸುಮ್ಮನಾಗಲು ನಾನಿದ್ದೆ. ನನ್ನನ್ನು ನೋಡಿ ಸುಮ್ಮನಾಗುವವರು ಯಾರಿದ್ದಾರೆ? ಈ ವಯಸ್ಸಿನಲ್ಲಿ ಅವ್ವ ಬೇಕು ಅಂತ ಅಳುವುದಕ್ಕೆ ನಾಚಿಕೆ ಆಗಬೇಕಿತ್ತು, ಆಗಲಿಲ್ಲ. ನನಗೆ ಅವ್ವ ಬೇಕಾಗಿದ್ದಳು. ಕೆಳಗೆ ತಾಟುಗಳ ಸಪ್ಪಳವಾಯಿತು, ವೈನಿ ಏನೋ ಹೇಳಿದರು, ಅಣ್ಣ ಏನೋ ಅಂದ.

ಆಮೇಲೆ ಅಂಗಳದಿಂದ ಅವನ ದನಿ ಬಂತು. ಒಡಕು ದನಿ, ಸುರುವಿಗೆ ಬರೀ ಒದರಿದ ಹಾಗಿತ್ತು.

"ಹೊತ್ತ ಮುಣಗತೈತೆವಾ, ಬಾರs..."

ಒದರಾಟ ಅಲ್ಲ ಅದು. ರಿಯಿಂದ ಎದ್ದಿತು. ಗದ ಮೇಲೆ ಒಂದಿಷ್ಟು ತಡವರಿಸಿತು, ಮಕ್ಕೆ ಹೋಯಿತು, ಅಲ್ಲಿಂದ ಪವನ್ನು ಮುಟ್ಟದೆ ಹಾರಿತು. ಎಲ್ಲವೂ ಅವನಿಗೆ ನೆನಪಿತ್ತು. ವಾದ್ಯವನ್ನು ಎದೆಗೆ ಒತ್ತಿಕೊಂಡು ಎದ್ದೆ, ಅವನು ಮತ್ತೊಮ್ಮೆ ಕರೆಯುತ್ತಿದ್ದ. ಮೆಟ್ಟಿಲಿನ ಮೇಲೆ ನನ್ನ ಕಾಲು ಕಂಡದ್ದೇ ಅವನು ನಡುವೆಯೇ ನಿಲ್ಲಿಸಿದ.